ತಕ್ಕಡಿ ಮಾವನ ಮೂರು ರೆಕಾರ್ಡರುಗಳು

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ನನ್ನ ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು. ಒತ್ತಕ್ಷರ ಬಂದಲ್ಲೆಲ್ಲ ಸಾಲು ಕೆಳಕ್ಕೆ ಜಾರುತ್ತದೆ. ಶಾಲೆ ಅರ್ಧಕ್ಕೆ ಬಿಟ್ಟವಳಾದ್ದರಿಂದ ದೊಡ್ಡ ಮಾತುಗಳೂ ಬರುವುದಿಲ್ಲ. ಗ್ರಂಥಾಲಯದ ಅಕ್ಕ, "ನಿಮ್ಮ ಬೀದಿಯ ಯಾರಾದ್ರೂ ಒಬ್ಬರ ಬಗ್ಗೆ ಬರ್ಕೊಂಡು ಬಾ, ಗೋಡೆ ಪತ್ರಿಕೆಗೆ ಹಾಕ್ತೀನಿ" ಎಂದಿದ್ದಕ್ಕೆ ಬರೆಯುತ್ತಿದ್ದೇನೆ. ಮಾವನ ಬಗ್ಗೆ ಬರೆಯುತ್ತೇನೆಂದು ಮಾವನಿಗೇ ಹೇಳಿ ಒಪ್ಪಿಗೆ ಕೇಳಿದೆ. "ಯಾವ ಪೆನ್ನಲ್ಲಿ ಬರೀತೀಯ?" ಎಂದರು. ಏನು ಬರೆಯುತ್ತೀಯ ಎಂದು ಕೇಳಲಿಲ್ಲ. ಅದನ್ನೇ ಒಪ್ಪಿಗೆ ಎಂದುಕೊಂಡಿದ್ದೇನೆ.

ಮಾವ ನನ್ನ ಅಮ್ಮನ ತಮ್ಮ, ನಾನಿರುವುದು ಅವರ ಮನೆಯಲ್ಲೇ. ಶಬ್ದ ಹಿಡಿಯುವುದು ಅವರ ಕೆಲಸ. ಸಾಕ್ಷ್ಯಚಿತ್ರ ಮಾಡುವವರು, ಸಣ್ಣ ಸಿನಿಮಾ ಮಾಡುವವರು ಹೊರಗೆ ಚಿತ್ರೀಕರಣಕ್ಕೆ ಹೊರಟಾಗ ಜೊತೆಯಲ್ಲಿ ಒಬ್ಬ ಹೆಗಲಿಗೆ ಪೆಟ್ಟಿಗೆ ನೇತುಹಾಕಿಕೊಂಡು, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಉದ್ದ ಕೋಲಿನ ತುದಿಗೆ ಮೈಕು ಕಟ್ಟಿಕೊಂಡು ಹೋಗುತ್ತಾನಲ್ಲ, ಆ ಕೆಲಸ. ಹೋಗುತ್ತಾನೆ ಎಂದು ಬರೆದೆ. ಮಾವ ಹೋಗುವುದು ಅಪರೂಪ. ಕರೆಯಲು ಬಂದವರು "ನಾಳೆ ಬರ್ತೀರಾ ಸಾರ್?" ಎಂದರೆ ಮಾವ "ಯಾವ ರೆಕಾರ್ಡರ್ ತರಲಿ?" ಎಂದು ಕೇಳುತ್ತಾರೆ. ಅವರು "ಯಾವುದಾದ್ರೂ ಸರಿ ಸಾರ್" ಎನ್ನುತ್ತಾರೆ. ಅಲ್ಲಿಗೆ ಆ ಕೆಲಸ ಕೆಟ್ಟಿತು. ಯಾವುದಾದರೂ ಸರಿ ಎನ್ನುವವರ ಜೊತೆ ಮಾವ ಕೆಲಸ ಮಾಡುವುದಿಲ್ಲ.

ಹಾಗಾದರೆ ದಿನವಿಡೀ ಏನು ಮಾಡುತ್ತಾರೆ ಎಂದು ಕೇಳಬಹುದು. ಹೋಲಿಸುತ್ತಾರೆ. ಈ ರೆಕಾರ್ಡರ್ ಮೇಲೋ ಆ ರೆಕಾರ್ಡರ್ ಮೇಲೋ ಎಂದು ತೂಗಿ ನೋಡುತ್ತಾರೆ. ಅದಕ್ಕೇ ಬೀದಿಯಲ್ಲಿ ಅವರಿಗೆ ತಕ್ಕಡಿ ಎಂದು ಹೆಸರು ಬಿದ್ದಿದೆ. ಮೂಲೆಯ ಸೈಕಲ್ ರಿಪೇರಿಯವನು ಎದುರಿಗೇ "ಏನ್ ತಕ್ಕಡಿ ಸಾರ್, ಮುಳ್ಳು ಎಲ್ಲಿಗೆ ಬಂತು?" ಎಂದು ಕೇಳುತ್ತಾನೆ. ಮಾವ ಅದನ್ನು ಹೊಗಳಿಕೆ ಎಂದುಕೊಂಡು ನಿಂತು ಉತ್ತರ ಕೊಡುತ್ತಾರೆ. ಪಂಕ್ಚರ್ ಹಾಕಿಸಲು ಬಂದವರು ಗಾಳಿ ಹೋದ ಟ್ಯೂಬು ಹಿಡಿದುಕೊಂಡು ಕಾಯುತ್ತಾರೆ.

ನಾನು ಹೇಳುವ ಸಂಗತಿ ನಡೆದಾಗ ಮನೆಯಲ್ಲಿ ಮೂರು ರೆಕಾರ್ಡರುಗಳಿದ್ದವು. ಒಂದು ಮಾವನದು. ಮಿಕ್ಕೆರಡು "ನೋಡಿ ಕೊಡ್ತೀನಿ" ಎಂದು ಯಾರಿಂದಲೋ ತಂದವು. ನೋಡುವುದು ಇನ್ನೂ ಮುಗಿದಿರಲಿಲ್ಲ. ಅವುಗಳ ಕಂಪನಿಯ ಹೆಸರು ನನಗೆ ಬರೆಯಲು ಬರುವುದಿಲ್ಲ. ಅತ್ತೆ ಇಟ್ಟ ಹೆಸರನ್ನೇ ಬರೆಯುತ್ತೇನೆ. ದೊಡ್ಡದು ಇಟ್ಟಿಗೆ, ಮಾವನ ಸ್ವಂತದ್ದು. ಅದಕ್ಕೆ ಎಂಟು ಮೈಕು ಸಿಕ್ಕಿಸಬಹುದು. ಎಂಟರ ದನಿಯನ್ನೂ ಬೇರೆ ಬೇರೆ ಟ್ರ್ಯಾಕಿನಲ್ಲಿ ಇಡುತ್ತದೆ, ಅಂದರೆ ಒಂದನ್ನು ಮುಚ್ಚಿ ಇನ್ನೊಂದನ್ನು ಮಾತ್ರ ಕೇಳಬಹುದು. ಅದರಲ್ಲಿ ಬ್ಯಾಟರಿ ಪೆಪ್ಪರ್‌ಮೆಂಟಿನ ಹಾಗೆ ಕರಗಿಹೋಗುತ್ತದೆ. ಎರಡನೆಯದು ಡಬ್ಬಿ. ಎಷ್ಟು ಕಿರುಚಿದರೂ ಅದರಲ್ಲಿ ದನಿ ಒಡೆಯುವುದಿಲ್ಲ, ಆದರೆ ಸ್ವಿಚ್ ಹಾಕಿದ ಮೇಲೆ ಎದ್ದು ಕೂರಲು ಬಹಳ ಹೊತ್ತು ಬೇಕು. ಮೂರನೆಯದು ಸೋಪು. ಗಾತ್ರವೂ ಅಷ್ಟೇ. ಜೇಬಿನಲ್ಲಿ ಹಿಡಿಸುತ್ತದೆ. ಗುಂಡಿಗಳು ಮಾತ್ರ ಎಳ್ಳಿನ ಹಾಗಿದ್ದು, ಒಂದನ್ನು ಒತ್ತಲು ಹೋದರೆ ಪಕ್ಕದ್ದು ಒತ್ತಿಕೊಳ್ಳುತ್ತದೆ.

ಮೂರೂ ಊಟದ ಮೇಜಿನ ಮೇಲಿದ್ದವು. ನಾವು ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಣ್ಣುತ್ತಿದ್ದೆವು.

ಮಾವನಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ಯಂತ್ರದ ಒಳಗಿನ ಗುಂಯ್ ಶಬ್ದ. ಯಾರೂ ಮಾತಾಡದೆ ಇದ್ದಾಗ ಯಾವ ಯಂತ್ರ ಎಷ್ಟು ಗುಂಯ್‌ಗುಡುತ್ತದೆ ಎಂದು ತಿಳಿಯಲು ಬಟ್ಟೆಯ ಬೀರುವಿನೊಳಗೆ ಮೈಕು ಇಟ್ಟು, ಬಾಗಿಲು ಮುಚ್ಚಿ, ಮೌನವನ್ನು ರೆಕಾರ್ಡ್ ಮಾಡುತ್ತಾರೆ. ಆಮೇಲೆ ಕಣ್ಣು ಮುಚ್ಚಿಕೊಂಡು ಕೇಳುತ್ತಾರೆ. ಅತ್ತೆ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸದವರು. ಸೂಜಿ ಕೈಯಲ್ಲೂ ಇದೆ, ಬಾಯಲ್ಲೂ ಇದೆ.

"ಏನ್ ಕೇಳ್ತಿದ್ದೀರಿ?" ಎಂದರು ಒಂದು ಸಲ.

"ಏನೂ ಇಲ್ಲ."

"ಅದು ಗೊತ್ತು. ಬೀರುವಿಂದ ನನ್ನ ಕೆಲಸದ ಸೀರೆ ತೆಗೀಬಹುದಾ ಅಂತ ಕೇಳ್ದೆ."

ಮನೆಯಲ್ಲಿ ನಾಲ್ಕನೆಯವರು ಅಜ್ಜ, ಮಾವನ ಅಪ್ಪ. ಕೆಲಸದಲ್ಲಿದ್ದಷ್ಟು ಕಾಲವೂ ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಯಾವ ಬಸ್ಸು ಯಾವ ಅಂಕಣಕ್ಕೆ ಬಂದಿದೆ ಎಂದು ಹೇಳುತ್ತಿದ್ದವರು. ಅಜ್ಜನಿಗೆ ಎರಡು ದನಿ. ಮೈಕಿನ ಮುಂದೆ ಕಬ್ಬಿಣದ ಪೆಟ್ಟಿಗೆಯೊಳಗಿಂದ ಬಂದ ಹಾಗೆ, ಇಸ್ತ್ರಿ ಹಾಕಿದ ದನಿ: "ಪ್ರಯಾಣಿಕರು ದಯವಿಟ್ಟು ಗಮನಿಸಬೇಕು." ಮನೆಯಲ್ಲಿ ಇನ್ನೊಂದು: "ಚಪ್ಪಲಿ ಎಲ್ಲೋ ಬಿಸಾಕಿದ್ದೀಯ, ಕತ್ತೆ?" ಎರಡೂ ಒಂದೇ ಗಂಟಲಿನಿಂದ ಬರುತ್ತಿದ್ದವು ಎಂದರೆ ಹೊಸಬರು ನಂಬುತ್ತಿರಲಿಲ್ಲ.

ಆ ಗಂಟಲಿನಲ್ಲಿ ಗಡ್ಡೆ ಇದೆ ಎಂದು ಗೊತ್ತಾಯಿತು. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ಜೀವಕ್ಕೆ ಏನೂ ಆಗುವುದಿಲ್ಲ, ಆದರೆ ದನಿ ಹೋಗುತ್ತದೆ ಎಂದರು ಡಾಕ್ಟರು. ಅದೇ ಆಸ್ಪತ್ರೆಯಲ್ಲಿ ಮಾತಿನ ತೊಂದರೆ ಇದ್ದವರಿಗೆ ಕಲಿಸುವ ಒಬ್ಬ ಮೇಡಂ ಇದ್ದಾರೆ. ಅವರು ನಮ್ಮನ್ನು ಕೂರಿಸಿಕೊಂಡು, ಆಪರೇಷನ್‌ಗೆ ಮುಂಚೆ ಅಜ್ಜ ದಿನನಿತ್ಯ ಆಡುವ ಮಾತುಗಳನ್ನು ಅವರದೇ ದನಿಯಲ್ಲಿ ರೆಕಾರ್ಡ್ ಮಾಡಿಟ್ಟುಕೊಳ್ಳಿ ಎಂದರು. ಫೋನಿನ ಪರದೆಯಲ್ಲಿ ಒಂದೊಂದು ಮಾತಿಗೆ ಒಂದೊಂದು ಚೌಕ ಮಾಡಿಟ್ಟುಕೊಂಡರೆ ಆಮೇಲೆ ಅದನ್ನು ಒತ್ತಿದಾಗ ಆ ಮಾತು ಬರುತ್ತದೆ. "ಮನೇಲಿ ಹೇಗೆ ಮಾತಾಡ್ತಾರೋ ಹಾಗೇ ಇರ್ಲಿ. ಬೇಗ ಮಾಡಿ, ದಿನಾ ದಿನಾ ದನಿ ಕಮ್ಮಿ ಆಗುತ್ತೆ" ಎಂದರು.

ಬೇರೆಯವರ ಮನೆಯಲ್ಲಿ ಈ ಕೆಲಸ ಗೊತ್ತಿದ್ದವರು ಯಾರೂ ಇರುವುದಿಲ್ಲ. ನಮ್ಮ ಮನೆಯಲ್ಲಿ ಇದ್ದರು. ತೊಂದರೆಯಾದದ್ದು ಅಲ್ಲೇ.

ಬಸ್ಸಿನಲ್ಲಿ ಬರುವಾಗಲೇ ಅತ್ತೆ "ಇವತ್ತೇ ನನ್ನ ಫೋನಲ್ಲಿ ಮಾಡಿ ಮುಗಿಸೋಣ್ರೀ" ಎಂದರು.

"ಫೋನಲ್ಲಾ?" ಮಾವ ಕೂತಲ್ಲೇ ತಿರುಗಿದರು. "ನಮ್ಮಪ್ಪನ ದನೀನ ಫೋನಲ್ಲಾ? ಜೀವಮಾನಕ್ಕೆ ಒಂದೇ ಸಲ ಮಾಡೋ ಕೆಲಸ ಇದು."

"ಕೇಳೋದೂ ಫೋನಲ್ಲೇ ತಾನೇ?"

"ಕೇಳೋದು ಬೇರೆ, ಹಿಡಿಯೋದು ಬೇರೆ. ನಿನಗೆ ಅರ್ಥ ಆಗಲ್ಲ ಬಿಡು."

ಅಂದಿನಿಂದ ಹೋಲಿಕೆ ಶುರುವಾಯಿತು. ಇಟ್ಟಿಗೆಯಲ್ಲಿ ದನಿ ದಪ್ಪ ಬರುತ್ತದೆ, ಆದರೆ ಅಜ್ಜನ ದನಿ ಈಗಲೇ ದಪ್ಪವಾಗಿದೆ, ಹಾಗಾಗಿ ಸೋಪು ಮೇಲು. ಸೋಪಿನಲ್ಲಿ ಗುಂಯ್ ಹೆಚ್ಚು, ಹಾಗಾಗಿ ಡಬ್ಬಿ ಮೇಲು. ಡಬ್ಬಿಯಲ್ಲಿ ಎಲ್ಲ ಚೆನ್ನ, ಆದರೆ ಏನೋ ಒಂದು ಕಡಿಮೆ. ಏನು ಎಂದು ಕೇಳಿದರೆ "ಉಸಿರು" ಎಂದರು. ಅಜ್ಜನನ್ನು ದಿನಾ ಮೇಜಿನ ಮುಂದೆ ಕೂರಿಸಿ "ಒಂದು ಎರಡು ಮೂರು ಅನ್ನು ಅಪ್ಪ" ಎನ್ನುವರು. ಅಜ್ಜ ಎನ್ನುವರು. "ಇನ್ನೊಂದ್ಸಲ." ಅಜ್ಜ ಇನ್ನೊಂದು ಸಲ ಎನ್ನುವರು. ಪರೀಕ್ಷೆ ಮುಗಿದ ಕೂಡಲೇ ಮಾವ ಅದನ್ನು ಅಳಿಸಿ ಮೆಮೊರಿ ಕಾರ್ಡನ್ನು ಖಾಲಿ ಮಾಡಿ ಇಟ್ಟುಕೊಳ್ಳುವರು. ಹೀಗೆ ಅಜ್ಜನಲ್ಲಿ ಉಳಿದಿದ್ದ ದನಿಯ ಬಹುಪಾಲು ಒಂದು ಎರಡು ಮೂರಕ್ಕೆ ಖರ್ಚಾಯಿತು. ಆಸ್ಪತ್ರೆಗೆ ಸೇರುವ ದಿನ ಬಂದೇ ಬಿಟ್ಟಿತು. ಅಜ್ಜನ ದನಿ ಅಷ್ಟರಲ್ಲಿ ಮರಳು ಕಾಗದ ಉಜ್ಜಿದ ಹಾಗಾಗಿತ್ತು.

ಅತ್ತೆ ಲ್ಯಾಬಿಗೆ ರಜೆ ಹಾಕಿ ಬ್ಯಾಗು ತುಂಬುತ್ತಿದ್ದರು. "ಇವತ್ತಾದ್ರೂ ಮಾಡ್ತೀರೋ, ಇಲ್ಲ ನಾನೇ ಫೋನ್ ತರಲೋ?" ಎಂದರು. ಆಗ ಮಾವ ತೀರ್ಮಾನ ಹೇಳಿದರು. ಯಾವುದನ್ನೂ ಆರಿಸುವುದು ಬೇಡ, ಮೂರರಲ್ಲೂ ಒಟ್ಟಿಗೇ ಹಿಡಿಯುವುದು, ಆಮೇಲೆ ಹೋಲಿಸಿ ಚೆನ್ನಾಗಿರುವುದನ್ನು ಇಟ್ಟುಕೊಳ್ಳುವುದು.

ಇಲ್ಲಿಂದ ಮುಂದೆ ನಿಧಾನವಾಗಿ ಬರೆಯುತ್ತೇನೆ, ಯಾಕೆಂದರೆ ತಪ್ಪು ಆದದ್ದು ಇಲ್ಲಿ.

ಮೂರನ್ನೂ ಒಂದೊಂದಾಗಿ ಒತ್ತಿದರೆ ಮೊದಲು ಶುರುವಾದ ಯಂತ್ರಕ್ಕೆ ಲಾಭ, ಹೋಲಿಕೆ ನ್ಯಾಯವಾಗುವುದಿಲ್ಲ ಎಂದು ಮಾವ ಹೊಲಿಗೆ ಯಂತ್ರದ ಪೆಡಲಿನಂಥದ್ದೊಂದನ್ನು ಮಾಡಿದ್ದರು. ಕಾಲಿನಿಂದ ಒಮ್ಮೆ ತುಳಿದರೆ ಮೂರೂ ಒಟ್ಟಿಗೆ ಶುರು, ಮತ್ತೊಮ್ಮೆ ತುಳಿದರೆ ಮೂರೂ ಒಟ್ಟಿಗೆ ನಿಲ್ಲಬೇಕು. ಇನ್ನೊಂದು ತೊಡಕಿತ್ತು. ಬಸ್ ನಿಲ್ದಾಣದಲ್ಲಿ ಕೆಂಪು ದೀಪ ಹತ್ತಿದರೆ ಮೈಕು ಆನ್ ಎಂದು ಅರ್ಥ. ಹಾಗಾಗಿ ಕೆಂಪು ದೀಪ ಕಂಡ ಕೂಡಲೇ ಅಜ್ಜನ ಬೆನ್ನು ನೆಟ್ಟಗಾಗಿ ಇಸ್ತ್ರಿ ದನಿ ಬಂದುಬಿಡುತ್ತದೆ. ಮೇಡಂ ಮನೆಯ ದನಿ ಬೇಕು ಎಂದಿದ್ದರಲ್ಲ, ಅದಕ್ಕೆ ಮಾವ ಮೂರೂ ಯಂತ್ರಗಳ ಕೆಂಪು ದೀಪಕ್ಕೆ ಕಪ್ಪು ಟೇಪು ಹಚ್ಚಿ, ಪರದೆಗಳನ್ನು ಗೋಡೆಯ ಕಡೆ ತಿರುಗಿಸಿದರು. ಯಂತ್ರ ಓಡುತ್ತಿದೆಯೋ ನಿಂತಿದೆಯೋ ಅಜ್ಜನಿಗೆ ಕಾಣಬಾರದು ಎಂಬುದು ಉಪಾಯ. ಉಪಾಯ ಫಲಿಸಿತು. ಮಾವನಿಗೂ ಕಾಣಲಿಲ್ಲ.

ಪೆಡಲನ್ನು ಒಮ್ಮೆ ತುಳಿದು, ಮತ್ತೊಮ್ಮೆ ತುಳಿದು ಪರೀಕ್ಷಿಸಿದರು. ಸರಿಯಾಗಿತ್ತು. ಆಮೇಲೆ ಕಿಟಕಿ ಮುಚ್ಚಲು ಹೋಗುವಾಗ ತಾವೇ ಹಾಸಿದ ವೈರಿಗೆ ಎಡವಿ ಪೆಡಲಿನ ಮೇಲೆ ಕಾಲಿಟ್ಟರು. ಮೂರೂ ಶುರುವಾದವು. ಈಗಲೂ ಮೊದಲ ಫೈಲಿನ ಮೊದಲ ಮಾತು ಮಾವನದೇ: "ಈ ವೈರ್ ಇಲ್ಲಿ ಯಾರ್ ಹಾಕಿದ್ದು?"

ಅಲ್ಲಿಂದ ಎಲ್ಲ ತಿರುಗುಮುರುಗು. "ರೆಡೀನಾ ಅಪ್ಪ? ಮಾತಾಡು" ಎಂದು ಮಾವ ತುಳಿದರು. ಯಂತ್ರಗಳು ನಿಂತವು. ಅಜ್ಜ ಮಾತಾಡಿದರು. "ಕಟ್" ಎಂದು ತುಳಿದರು. ಯಂತ್ರಗಳು ಓಡಿದವು. ಕಿವಿಯಲ್ಲಿ ಹೆಡ್‌ಫೋನ್ ಇತ್ತಲ್ಲ, ಗೊತ್ತಾಗಲಿಲ್ಲವೇ ಎಂದು ನಾನೂ ಆಮೇಲೆ ಕೇಳಿದೆ. ರೆಕಾರ್ಡ್ ಆಗಲಿ ಆಗದಿರಲಿ, ಮೈಕಿನ ಮುಂದಿನ ಮಾತು ಹೆಡ್‌ಫೋನಿಗೆ ಬರುತ್ತಲೇ ಇರುತ್ತದಂತೆ.

ಅಜ್ಜ ಮಾತಾಡುವಾಗ ಕೋಣೆಯಲ್ಲಿ ಮಾವ ಬಿಟ್ಟು ಯಾರೂ ಇರಬಾರದು ಎಂದು ಕಟ್ಟುನಿಟ್ಟಾಗಿತ್ತು. ನಾನು ಮೆಟ್ಟಿಲ ಮೇಲೆ ಕೂತು ಮೇಲಿನ ಮನೆಯವರಿಗೆ ಬಾಯಿ ಮೇಲೆ ಬೆರಳಿಟ್ಟು ತೋರಿಸುತ್ತಿದ್ದೆ. ಅತ್ತೆ ಅಡುಗೆಮನೆಯಲ್ಲಿ ನಲ್ಲಿ ಬಿಡದೆ ಕೂತಿದ್ದರು. "ಕಟ್" ಎಂದ ಮೇಲೆ ನಾವು ಒಳಗೆ ಹೋಗಿ ಅಜ್ಜನಿಗೆ ನೀರು ಕೊಡುತ್ತಿದ್ದೆವು, ಬೈಸಿಕೊಳ್ಳುತ್ತಿದ್ದೆವು, ಮತ್ತೆ ಹೊರಗೆ.

ಎಲ್ಲ ಮುಗಿದು ಆಟೋ ಬಂದಾಗ ಅತ್ತೆ "ಬಂದಿದೆಯಾ ಅಂತ ಒಂದ್ಸಲ ಕೇಳಿ ನೋಡ್ರೀ" ಎಂದರು.

"ಈಗ ಬೇಡ. ಕಿವಿ ದಣಿದಿದೆ. ದಣಿದ ಕಿವೀಲಿ ಹೋಲಿಸಬಾರದು."

"ಹೋಲಿಸಿ ಅನ್ನಲಿಲ್ಲ, ಬಂದಿದೆಯಾ ನೋಡಿ ಅಂದೆ."

"ಬರದೆ ಎಲ್ಲಿಗೆ ಹೋಗುತ್ತೆ? ಮೂರು ಮೂರು ಇದಾವೆ!"

ಆಪರೇಷನ್ ಚೆನ್ನಾಗಿ ಆಯಿತು. ಅಜ್ಜನನ್ನು ಒಳಗೆ ಮಲಗಿಸಿದ್ದರು. ಹೊರಗಿನ ಬೆಂಚಿನ ಮೇಲೆ ಮಾವ ಲ್ಯಾಪ್‌ಟಾಪ್ ತೆಗೆದು, ದಣಿವಾರಿದ ಕಿವಿಗೆ ಹೆಡ್‌ಫೋನ್ ಹಾಕಿಕೊಂಡರು. ಇಟ್ಟಿಗೆಯ ಕಾರ್ಡು ಹಾಕಿ ಕೇಳಿದರು. ಡಬ್ಬಿಯದು ಹಾಕಿದರು. ಸೋಪಿನದು ಹಾಕಿದರು. ಮತ್ತೆ ಇಟ್ಟಿಗೆಯದನ್ನೇ ಹಾಕಿದರು. ಮುಖ ಸುಣ್ಣ ಬಳಿದ ಹಾಗಾಯಿತು.

"ಏನಾಯ್ತು?" ಎಂದರು ಅತ್ತೆ.

"ಮೂರೂ ಒಂದೇ ಥರ ಬಂದಿದೆ."

ಇಷ್ಟು ವರ್ಷದ ಹೋಲಿಕೆಯಲ್ಲಿ ಮಾವ ಕೊಟ್ಟ ಒಂದೇ ಖಚಿತ ತೀರ್ಪು ಅದು.

ಅತ್ತೆ ಹೆಡ್‌ಫೋನ್ ಕಿತ್ತುಕೊಂಡು ತಾವೇ ಕೇಳಿದರು. ಕೇಳಿ ಬೆಂಚಿನ ಮೇಲೆ ಕೂತರು. ಹೆಡ್‌ಫೋನನ್ನು ಮತ್ತೆ ಮಾವನ ಕುತ್ತಿಗೆಗೆ ಹಾಕಿದರು. ಅತ್ತೆ ಬೈದರೆ ನನಗೆ ಹೆದರಿಕೆಯಾಗುವುದಿಲ್ಲ, ಬೈಯದಿದ್ದಾಗ ಆಗುತ್ತದೆ. ಆಮೇಲೆ ಮೆಲ್ಲಗೆ ಕೇಳಿದರು. "ಹೋಗ್ಲಿ. ನಿಮ್ಮಪ್ಪ ಒಳಗೆ ಏನೇನ್ ಹೇಳಿದ್ರು? ನೀವೊಬ್ಬರೇ ಇದ್ದಿದ್ದು. ನೆನಪಿದ್ದಷ್ಟು ಹೇಳಿ, ಇವಳು ಬರ್ಕೊಳ್ತಾಳೆ. ದನಿ ಇಲ್ಲದಿದ್ರೂ ಮಾತಾದ್ರೂ ಇರ್ಲಿ."

ಮಾವ ನೆಲ ನೋಡಿದರು.

"ನೀರು ಬೇಕು ಅಂತ... ಏನೋ ಹೇಳಿದ. ನನ್ನ ಬಗ್ಗೇನೂ ಏನೋ ಹೇಳಿದ. ಆಗ ಅವನ ದನಿ ಸ್ವಲ್ಪ ನಡುಗ್ತು, ಮೈಕಿಗೆ ಉಸಿರು ಹೊಡೀತು."

"ಏನ್ ಹೇಳಿದ್ರು?"

"ಗೊತ್ತಿಲ್ಲ. ನಾನು ಗುಂಯ್ ಕೇಳ್ತಿದ್ದೆ."

ಅತ್ತೆ ಎದ್ದು ನೀರು ಕುಡಿಯಲು ಹೋದರು. ಮಾವ ಅತ್ತಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಅಳುವಾಗಲೂ ಹೆಡ್‌ಫೋನ್ ಕುತ್ತಿಗೆಯಲ್ಲೇ ಇತ್ತು.

ಅಜ್ಜನಿಗೆ ಎಚ್ಚರವಾದ ಮೇಲೆ ಬರೆಯಲು ಸಣ್ಣ ಬಿಳಿ ಹಲಗೆ ಕೊಟ್ಟರು. ಅಜ್ಜ ಮೊದಲು ಬರೆದದ್ದು "ಹೇಗೆ ಬಂದಿದೆ?" ಎಂದು. ಮಾವ ಸುಳ್ಳು ಹೇಳಲಿಲ್ಲ. ಎಲ್ಲವನ್ನೂ ಹೇಳಿದರು, ಪೆಡಲು, ಟೇಪು, ವೈರು. ಅಜ್ಜ ಹಲಗೆ ಒರೆಸಿ ಏನೋ ಬರೆಯಲು ಹೋಗಿ, ಬರೆಯದೆ, ಪೆನ್ನಿನ ಮುಚ್ಚಳ ಹಾಕಿ ಗೋಡೆಯ ಕಡೆ ತಿರುಗಿ ಮಲಗಿದರು.

ಮನೆಗೆ ಬಂದ ಮೇಲೆ ಅತ್ತೆ ಮೂರೂ ಕಾರ್ಡುಗಳನ್ನು ನನ್ನ ಕೈಗೆ ಕೊಟ್ಟು "ಇರೋದನ್ನೇ ಕತ್ತರಿಸಿ ಫೋನಿಗೆ ಹಾಕು" ಎಂದರು.

ಇಟ್ಟಿಗೆಯದನ್ನು ಮಾತ್ರ ಬಳಸಿದೆ. ಮಾವ ತಮ್ಮ ಟಿಪ್ಪಣಿ ಹೇಳಿಕೊಳ್ಳಲು ತಮ್ಮ ಅಂಗಿಗೂ ಒಂದು ಮೈಕು ಸಿಕ್ಕಿಸಿಕೊಂಡಿದ್ದರು, ಅದು ಬೇರೆ ಟ್ರ್ಯಾಕಿನಲ್ಲಿತ್ತು. ಅದನ್ನು ಮುಚ್ಚಿದರೆ ಅಜ್ಜನ ಕಾಲರಿನ ಮೈಕಿನಲ್ಲಿ ಅಜ್ಜ ಮಾತ್ರ ಕೇಳುತ್ತಿದ್ದರು. ಮಾವ ದೂರದ ಸೊಳ್ಳೆಯಷ್ಟು. ಡಬ್ಬಿಯಲ್ಲೂ ಸೋಪಿನಲ್ಲೂ ಮಾವ ತಮಗೆ ಮೈಕು ಕೊಟ್ಟಿರಲಿಲ್ಲ, ಮೇಜಿನ ಮೇಲಿನ ಮೈಕಿಗೇ ಮಾತಾಡಿದ್ದರು, ಹಾಗಾಗಿ ಅಪ್ಪ ಮಗನ ಜಗಳ ಕಲಸಿಹೋಗಿ ಬಿಡಿಸಲು ಬರಲಿಲ್ಲ. ಯಾರಾದರೂ ಕೇಳಿದರೆ ಇಟ್ಟಿಗೆ ಮೇಲು ಎಂದು ಹೇಳುತ್ತೇನೆ. ಮಾವ ಕೇಳಿಲ್ಲ.

ಸಿಕ್ಕಿದ ಮಾತುಗಳು ಇಂಥವು. "ನೀರು ತಾ ಅಂದ್ನಲ್ಲ, ಕಿವುಡಾ?" "ಕಿಟಕಿ ತೆಗಿಯೋ, ಬೆಂದ್ಹೋಗ್ತಿದೀನಿ." "ಮುಗೀತೇನೋ ನಿಂದು?" "ಮಗಾ, ನೀನು ಉಂಡ್ಯಾ?" ಇದು ನನಗೆ ಹೇಳಿದ್ದು. "ಈ ತಲೆಕೆಟ್ಟೋನ ಜೊತೆ ಹೇಗಮ್ಮ ಬಾಳ್ತೀಯ?" ಇದು ಅತ್ತೆಗೆ. ದಯವಿಟ್ಟು ಎಂಬ ಮಾತು ಹುಡುಕಿದರೂ ಒಂದು ಕಡೆಯೂ ಸಿಗಲಿಲ್ಲ.

ಅಜ್ಜ ಫೋನನ್ನು ಮುಟ್ಟಲಿಲ್ಲ. ತಾವು ಬೆನ್ನು ನೆಟ್ಟಗೆ ಮಾಡಿಕೊಂಡು ಹೇಳಿದ್ದು ಹೋಗಿ, ಬೈದದ್ದು ಉಳಿದಿದೆ ಎಂದು ಅವರಿಗೆ ನಾಚಿಕೆ. ಹಲಗೆಯಲ್ಲೇ ಬರೆದು ತೋರಿಸುತ್ತಿದ್ದರು. ಒಂದು ದಿನ ಗಂಟಲಿನ ಪಟ್ಟಿ ಬದಲಿಸಲು ನರ್ಸ್ ಬಂದಿದ್ದರು. ಅಜ್ಜ ನೀರು ಬೇಕೆಂದು ಹಲಗೆ ಎತ್ತಿ ಹಿಡಿದರು. ನರ್ಸ್ ಬೆನ್ನು ತಿರುಗಿಸಿಕೊಂಡು ತಮ್ಮ ಗಂಡನ ಜೊತೆ ಫೋನಿನಲ್ಲಿ ಮಾತಾಡುತ್ತಲೇ ಇದ್ದರು. ಅಜ್ಜ ಹಲಗೆ ಆಡಿಸಿದರು. ಬೆನ್ನಿಗೆ ಕಣ್ಣಿಲ್ಲವಲ್ಲ. ಕೊನೆಗೆ ಅಜ್ಜ ಪಕ್ಕದಲ್ಲಿದ್ದ ಫೋನನ್ನು ಎಳೆದುಕೊಂಡು ಚೌಕ ಒತ್ತಿದರು.

"ನೀರು ತಾ ಅಂದ್ನಲ್ಲ, ಕಿವುಡಾ?"

ನರ್ಸ್ ಬೆಚ್ಚಿಬಿದ್ದು "ಅಯ್ಯೋ, ತಂದೇಬಿಟ್ಟೆ ಅಜ್ಜಾ!" ಎಂದು ಓಡಿದರು. ಅಡುಗೆಮನೆಯಿಂದ ಅತ್ತೆಯೂ ಒಂದು ಲೋಟ ಹಿಡಿದುಕೊಂಡು ಬಂದರು. ನಾನೂ ಒಂದು ತಂದಿದ್ದೆ. ಅಜ್ಜ ಮೂರು ಲೋಟಗಳನ್ನೂ ನೋಡಿದರು. ನಗುವಾಗ ಅವರ ಹೆಗಲು ಕುಣಿಯುತ್ತದೆ, ಸದ್ದು ಬರುವುದಿಲ್ಲ. ಈಗ ಫೋನು ಬಿಟ್ಟು ಕೂರುವುದಿಲ್ಲ. ಸೈಕಲ್ ರಿಪೇರಿಯವನು ನೋಡಲು ಬಂದು ಅರ್ಧ ಗಂಟೆ ಬೈಸಿಕೊಂಡು ಸಂತೋಷವಾಗಿ ಹೋದ.

ಆದರೆ ಮಾವನ ಬಗ್ಗೆ ಏನು ಹೇಳಿದ್ದರೋ ಅದನ್ನು ಅಜ್ಜ ಹಲಗೆಯ ಮೇಲೆ ಬರೆಯಲಿಲ್ಲ. ಮಾವ ಒಂದು ದಿನ ಹತ್ತಿರ ಕೂತು "ಅಪ್ಪ, ಆವತ್ತು ನನ್ನ ಬಗ್ಗೆ ಏನೋ ಹೇಳಿದ್ಯಲ್ಲ, ಏನು?" ಎಂದು ಕೇಳಿದರು. ಅಜ್ಜ ಚೌಕ ಒತ್ತಿದರು.

"ಮುಗೀತೇನೋ ನಿಂದು?"

ಇದರಿಂದ ಮಾವ ತಿದ್ದಿಕೊಂಡರು ಎಂದು ಬರೆಯಲು ನನಗೂ ಆಸೆ. ಅತ್ತೆ ಗದರಿಸಿದ್ದಕ್ಕೆ ಡಬ್ಬಿಯನ್ನೂ ಸೋಪನ್ನೂ ಕೊಟ್ಟವರಿಗೆ ವಾಪಸ್ಸು ಕೊಡಲು ಹೋದವರು, ನಾಲ್ಕನೆಯದೊಂದನ್ನು "ನೋಡಿ ಕೊಡ್ತೀನಿ" ಎಂದು ತಂದಿದ್ದಾರೆ. ಅಲ್ಲಿಗೆ ಮೇಜಿನ ಮೇಲೆ ಎರಡಾದವು. ಅಜ್ಜನ ಗಂಟಲಿನಲ್ಲಿ ಈಗ ಉಸಿರಾಟಕ್ಕೆ ಮಾಡಿರುವ ತೂತಿನಿಂದ ಬರುವ ಉಸಿರು ತುಂಬ ಸಣ್ಣದಂತೆ, ಯಂತ್ರದ ಗುಂಯ್ ಅಳೆಯಲು ಅಂಥದ್ದು ಬೇರೆಲ್ಲೂ ಸಿಗದಂತೆ. "ಬರೀ ಉಸಿರಾಡು ಅಪ್ಪ, ಮಾತಾಡೋದೇನೂ ಬೇಡ" ಎಂದು ನಿನ್ನೆ ಮೈಕು ಹಿಡಿದುಕೊಂಡು ಹೋಗಿದ್ದರು. ಅಜ್ಜ ಫೋನಿನಲ್ಲಿ ಹುಡುಕಿದರು. ಬೈಗುಳವೆಲ್ಲ ಇತ್ತು, ಬೇಕಾದ ಮಾತು ಇರಲಿಲ್ಲ. ನನ್ನ ಕಡೆ ನೋಡಿದರು. ಹಲಗೆ ಮಾವನ ಕೈಯಲ್ಲಿತ್ತು.

ಆಸ್ಪತ್ರೆಗೆ ಸೇರುವ ದಿನ ಮಾವ ಕೊನೆಯ "ಕಟ್" ಹೇಳಿ ತುಳಿದ ಮೇಲೆ ಇಟ್ಟಿಗೆಯ ಸ್ವಿಚ್ ಆಫ್ ಮಾಡಲು ಮರೆತಿದ್ದರು. ಕಾಲರಿನ ಮೈಕನ್ನು ಬಿಚ್ಚಲೂ ಮರೆತಿದ್ದರು. ಬ್ಯಾಟರಿ ಮುಗಿಯುವವರೆಗೆ ಅದು ಓಡಿದೆ. ಅಜ್ಜ ಅಂಗಿ ಬದಲಿಸಿದ್ದು, ಕನ್ನಡಕ ಹುಡುಕಿದ್ದು, ಯಾವ ಹೊದಿಕೆ ತರಲಿ ಎಂದು ಅತ್ತೆ ಒಂದೊಂದನ್ನೇ ತಂದು ತೋರಿಸಿದ್ದು ಎಲ್ಲ ಅದರಲ್ಲಿದೆ. ಆ ಫೈಲನ್ನು ನಾನು ಪೂರ್ತಿ ಕೇಳಿಲ್ಲ. ನಾಳೆ ಅತ್ತೆ ಲ್ಯಾಬಿಗೆ ಹೋದ ಮೇಲೆ ಕೂತು ಕೇಳುತ್ತೇನೆ. ಅದರಲ್ಲಿ ಅಜ್ಜ ಎಲ್ಲಾದರೂ "ಬೇಡ" ಎಂದಿದ್ದರೆ, ಅದನ್ನು ಕತ್ತರಿಸಿ ಫೋನಿನ ಮೊದಲ ಚೌಕಕ್ಕೆ ಹಾಕಿಕೊಡುತ್ತೇನೆ.